ಕೊಡೆ ಕಡ್ಡಿಯ ಹಳಿ

ಭಾನುವಾರ, ಊಟವಾದ ಮೇಲೆ

ಪ್ರೀತಿಯ ಟಿಕ್‌ಟಿಕ್,

ಗಡಿಯಾರದ ಅಂಗಡಿಗೆ ಬೀಗ ಹಾಕಿದ ಮೇಲೂ ನೀನು ಟಿಕ್‌ಟಿಕ್ಕೇ. ಶೂ ಅಂಗಡಿಯವರು ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದ ಮೇಲೂ ನಾನು ಬೂಟೇ. (ಆ ಗಡಿಯಾರ ವಾರದೊಳಗೆ ನಿಂತು, ನಿನ್ನ ಹತ್ತಿರವೇ ರಿಪೇರಿಗೆ ಬಂದದ್ದು ಬೇರೆ ಮಾತು.) ಆದ್ದರಿಂದ ನಿನ್ನ ಬೂಟು ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ ಎಂದು ಬರೆಯುವುದು ಪದ್ಧತಿ. ಬರೆದಿದ್ದೇನೆ.

ಮೊದಲು ಪುಟ್ಟಿಗೊಂದು ಮಾತು. ಅಮ್ಮಾ, ಈ ಕಾಗದವನ್ನು ನಿನ್ನಪ್ಪನಿಗೆ ನಿಧಾನವಾಗಿ ಓದಿ ಹೇಳು. ಎರಡೂ ಕಣ್ಣು ಕೈಕೊಟ್ಟ ಮೇಲೆ ಅವನಿಗೆ ಉಳಿದಿರುವುದು ಕಿವಿಯೊಂದೇ. ಅದನ್ನು ಓಡಿಸಬೇಡ. ಅವನು ನಡುವೆ ಬಾಯಿ ಹಾಕಿ ಬೈದರೆ ಬೈಯಲಿ, ಬೈಯುವಷ್ಟು ಉಸಿರು ಇದೆಯಲ್ಲ ಎಂದು ಸಂತೋಷಪಡು.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಕಾಗದದಲ್ಲಿ ನೀನು ಕೇಳಿದ್ದೆ. ಕೈ ಪುಟ್ಟಿಯದು, ಬಾಯಿ ನಿನ್ನದು. "ಲೋ ಬೂಟು, ಎರಡು ಅರ್ಧ ಸೇರಿಸಿದೆಯೋ, ಇಲ್ಲಾ ನನ್ನ ಹೆಣದ ಜೊತೆ ಸೇರಿಸ್ತೀಯೋ? ಇಂಜಿನ್ನು ನಿನ್ನ ಹಲಗೆಯಿಂದ ನನ್ನ ಹಲಗೆಗೆ ದಾಟುವಾಗ ಸದ್ದು ಬದಲಾಗತ್ತಾ ಅಷ್ಟು ಹೇಳು ಮಾರಾಯ. ನೋಡೋದಂತೂ ಮುಗೀತು. ಅದೊಂದು ತಿಳ್ಕೊಂಡು ಹೋಗ್ತೀನಿ."

ಸೇರಿಸಿದೆ ಕಣೋ. ಬದಲಾಯಿತು.

ಇಷ್ಟು ಬರೆದು ಸಹಿ ಹಾಕಿಬಿಡಬಹುದಿತ್ತು. ಆದರೆ ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರಲ್ಲ, ಬ್ರೆವಿಟಿ ಈಸ್ ದಿ... ದಿ ಏನೋ ಒಂದು. ಅದು ಮರೆತುಹೋದ ಕಾರಣ ನನಗೆ ಚಿಕ್ಕದಾಗಿ ಬರೆಯಲು ಬರುವುದಿಲ್ಲ. ತಡವಾದದ್ದೇಕೆ ಎಂಬುದನ್ನೂ ಹೇಳಬೇಕು. ಬಣ್ಣ ಒಣಗಿಲ್ಲ, ಅಂಟು ಹಿಡಿದಿಲ್ಲ, ಬೆನ್ನು ನೋವು ಎಂದು ನಿನಗೆ ಬರೆದದ್ದೆಲ್ಲ ಸುಳ್ಳು. ಬೆನ್ನು ನೋವು ಮಾತ್ರ ಅರ್ಧ ನಿಜ.

ಪುಟ್ಟಿಗೆ ಪೂರ್ತಿ ಗೊತ್ತಿರಲಿಕ್ಕಿಲ್ಲ, ಆದ್ದರಿಂದ ಮೊದಲಿಂದ ಹೇಳುತ್ತೇನೆ, ನೀನು ಸಹಿಸಿಕೋ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ನಿನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ನಾವು ಮಾಡಿಕೊಂಡ ಒಪ್ಪಂದ ಅದು. ರೈಲುದಾರಿ ಒಂದು, ಮನೆ ಎರಡು. ಅರ್ಧ ನಿನ್ನ ಮನೆಯಲ್ಲಿ ನೀನು ಕಟ್ಟಬೇಕು, ಅರ್ಧ ನನ್ನ ಮನೆಯಲ್ಲಿ ನಾನು. ಹೊಸದಾಗಿ ಏನನ್ನೂ ಕೊಳ್ಳಕೂಡದು. ಮನೆಯಲ್ಲಿ ಬಿಸಾಡುವುದು, ಇಲ್ಲವೇ ಸೇತುವೆಯಾಚೆಯ ಗುಜರಿಯಲ್ಲಿ ಸಿಕ್ಕಿದ್ದು, ಅಷ್ಟೇ. ಹಳಿಗಳ ನಡುವೆ ಎರಡು ಇಂಚು. ಹಲಗೆಯ ಅಂಚಿನಲ್ಲಿ ಹಳಿ ಹೊರಬೀಳುವ ಜಾಗ ಎಡಗಡೆಯಿಂದ ಒಂದು ಗೇಣು. ಯಾರ ಗೇಣು ಎಂದು ಜಗಳವಾಗಿ, ಎರಡು ದಿನ ಮಾತು ಬಿಟ್ಟು, ಕೊನೆಗೆ ನಿನ್ನ ಸ್ಟೀಲ್ ಪಟ್ಟಿಯಲ್ಲಿ ಒಂಬತ್ತು ಇಂಚು ಎಂದು ರಾಜಿಯಾಯಿತು.

ನಿನ್ನ ಹಳಿ ಗಡಿಯಾರದ ಸ್ಪ್ರಿಂಗನ್ನು ನೀಟಾಗಿ ನೆಟ್ಟಗೆ ಮಾಡಿದ್ದು. ನನ್ನದು ಮುರಿದ ಕೊಡೆಗಳ ಕಡ್ಡಿ. ಊರಿನಲ್ಲಿ ಯಾರ ಮನೆಯ ಕೊಡೆ ಮುರಿದರೂ ನನಗೆ ಮೊದಲು ಗೊತ್ತಾಗುತ್ತಿತ್ತು. ಶೂ ಡಬ್ಬಿಯ ರಟ್ಟಿನಲ್ಲಿ ಸ್ಟೇಷನ್ನು, ಪಾಲಿಶ್ ಡಬ್ಬಿಯಲ್ಲಿ ನೀರಿನ ಟ್ಯಾಂಕು, ಹಲ್ಲು ಮುರಿದ ಬಾಚಣಿಗೆಯಲ್ಲಿ ಬೇಲಿ, ಕುದಿಸಿ ಒಣಗಿಸಿದ ಚಹಾ ಗಸಿಯಲ್ಲಿ ನೆಲ, ಟಿಚ್ ಬಟನ್ನಿನಲ್ಲಿ ಗೂಡ್ಸ್ ಬಂಡಿಯ ಗಾಲಿ. ಆ ಬಟನ್ನುಗಳನ್ನು ನಾನು ಕದಿಯುತ್ತಿದ್ದುದು ನಿನ್ನ ತಂಗಿಯ ಹೊಲಿಗೆ ಪೆಟ್ಟಿಗೆಯಿಂದ. ನನ್ನ ಹೆಂಡತಿಯನ್ನು ನೀನು ತಂಗಿ ಎಂದೇ ಕರೆದವನು, ನಾನೂ ಹಾಗೇ ಬರೆಯುತ್ತೇನೆ. ಅವಳ ಹೆಸರು ಬರೆಯಲು ಹೋದರೆ ಪೆನ್ನು ನಿಲ್ಲುತ್ತದೆ.

ಅವಳ ಬಟ್ಟೆ ಕತ್ತರಿಸುವ ಮೇಜು ನಿನಗೆ ಗೊತ್ತಲ್ಲ. ಬಾಗಿಲಿನಿಂದ ಕಿಟಕಿಯವರೆಗೆ ಇತ್ತು. ಅದರಲ್ಲಿ ಅರ್ಧ ನನ್ನ ರೈಲಿಗೆ, ಅರ್ಧ ಅವಳ ಶಾಲೆ ಸಮವಸ್ತ್ರಗಳಿಗೆ. ನಡುವೆ ಅವಳೇ ಸೀಮೆಸುಣ್ಣದಲ್ಲಿ ಗೆರೆ ಎಳೆದು, "ನಿಮ್ಮ ಡಬ್ಬಾ ರೈಲು ಈ ಗೆರೆ ದಾಟಿದ್ರೆ ಕತ್ತರಿ ಹಾಕ್ತೀನಿ ನೋಡಿ" ಎಂದಿದ್ದಳು. ಹಾಗೆಂದವಳೇ ಕಾಯಿಲೆ ಬಿದ್ದ ಮೇಲೆ ಮಾತ್ರೆಯ ಖಾಲಿ ಪಟ್ಟಿಗಳನ್ನು ದಿಂಬಿನ ಕೆಳಗೆ ಕೂಡಿಟ್ಟು, "ತಗೊಳ್ಳಿ, ನಿಮ್ಮ ಗೋದಾಮಿಗೆ ಇನ್ನೊಂದು ಶೀಟು" ಎಂದು ಕೊಡುತ್ತಿದ್ದಳು. ಬೆಳ್ಳಿಹಾಳೆಯನ್ನು ಉಬ್ಬುತಗ್ಗಿನ ಸಮೇತ ಹೊದಿಸಿದರೆ ಥೇಟ್ ತಗಡಿನ ಸೂರು. ಮೊದಲು ಒಂದು ಗೋದಾಮಿತ್ತು. ಆಮೇಲೆ ಸಾಲಾಗಿ ಗೋದಾಮುಗಳಾದವು. ನೀನು ಒಮ್ಮೆ ಬಂದವನು ನೋಡಿ, "ಇಷ್ಟೊಂದು ಗೋದಾಮಿನಲ್ಲಿ ಏನಯ್ಯಾ ತುಂಬ್ತೀಯಾ" ಅಂದೆ. ಅಂದ ಮೇಲೆ ಸುಮ್ಮನಾದೆ. ಆ ಸುಮ್ಮನಾದದ್ದಕ್ಕೆ ನಾನು ಯಾವತ್ತೂ ನಿನಗೆ ಥ್ಯಾಂಕ್ಸ್ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಅವಳು ಹೋದ ಮೇಲೆ ನಾನು ಗೆರೆ ದಾಟಿದೆ. ಮೇಜಿನ ಆ ಅರ್ಧ ಖಾಲಿ ಬಿದ್ದಿರುವುದನ್ನು ನೋಡಿಕೊಂಡು ಊಟ ಮಾಡಲಾಗಲಿಲ್ಲ. ಮರದ ಮೇಲೆ ಅವಳ ಕತ್ತರಿಯ ಗೀರುಗಳು ತುಂಬ ಇವೆ. ಅವುಗಳ ಮೇಲೆ ಹಲಗೆ ಹಾಸಿ, ಹಳಿ ಹಾಕುತ್ತಾ ಕಿಟಕಿಯ ಅಂಚಿಗೆ ತಂದು ನಿಲ್ಲಿಸಿದೆ. ಅಲ್ಲಿಗೆ ನನ್ನ ಅರ್ಧ ಮುಗಿಯಿತು. ನಿನ್ನದು ಯಾವತ್ತೋ ಮುಗಿದಿತ್ತು. ಆಗ ನೀನು ನಿನ್ನ ಅಲಾರಂ ಗಡಿಯಾರದ ಇಂಜಿನ್ನನ್ನು ಕಳಿಸಿಕೊಟ್ಟೆ. ಟಾರ್ಚಿನ ಕೊಳವೆ ಮೈ, ಟೂತ್‌ಪೇಸ್ಟ್ ಮುಚ್ಚಳದ ಚಿಮಣಿ, ಹೊಟ್ಟೆಯೊಳಗೆ ಟಿಕ್‌ಟಿಕ್. "ನಿನ್ನ ಸ್ಟೇಷನ್ನಿಂದ ಬಿಡು, ಅಂಚಿನವರೆಗೆ ಬಂದರೆ ನನ್ನದನ್ನು ತಂದು ಸೇರಿಸೋಣ" ಎಂದು ಚೀಟಿ ಬೇರೆ ಇತ್ತು. ನಿನ್ನ ಕಣ್ಣು ಆಗಿನ್ನೂ ಇತ್ತು.

ಕೀಲಿ ಕೊಟ್ಟು ಬಿಟ್ಟೆ. ಸ್ಟೇಷನ್ನಿನಿಂದ ಹೊರಟಿತು, ಗೋದಾಮುಗಳನ್ನು ದಾಟಿತು, ಎಷ್ಟು ಗಂಭೀರವಾಗಿ ಅಂತೀಯಾ. ಮೇಜಿನ ನಡುವಿಗೆ ಬಂದದ್ದೇ ಹಳಿ ಹತ್ತಿ ಮಗುಚಿ ಬಿತ್ತು. ಮತ್ತೆ ಬಿಟ್ಟೆ. ಮತ್ತೆ ಅದೇ ಜಾಗ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಮೇಜು ಡೊಂಕು ಎಂದು ಕಾಲ ಕೆಳಗೆ ರಟ್ಟು ಕೊಟ್ಟೆ. ಇಂಜಿನ್ನು ಡೊಂಕು ಎಂದು ನಿನ್ನನ್ನು ಮನಸ್ಸಿನಲ್ಲೇ ಬೈದೆ. ಕ್ಷಮಿಸು. ಎಷ್ಟು ಸಲ ಬಿಟ್ಟರೂ ಅವಳ ಸೀಮೆಸುಣ್ಣದ ಗೆರೆ ಇದ್ದ ಕಡೆಯೇ ಬೀಳುತ್ತಿತ್ತು. ಗೆರೆ ದಾಟಿದರೆ ಕತ್ತರಿ ಎಂದಿದ್ದಳಲ್ಲ. ಆ ದಿನ ಮತ್ತೆ ಇಂಜಿನ್ನು ಮುಟ್ಟಲಿಲ್ಲ, ಸುಳ್ಳು ಹೇಳುವುದಿಲ್ಲ.

ಆಮೇಲೆ ಒಂದು ಸಂಜೆ ಅಂಗಡಿಯ ಹಳೆಯ ಪಾದ ಅಳೆಯುವ ಹಿತ್ತಾಳೆ ಪಟ್ಟಿಯನ್ನು ತೆಗೆದು ಹಳಿಯ ಮೇಲಿಟ್ಟೆ. ಗೆರೆಯ ಈಚೆ ಎರಡು ಇಂಚು, ಸರಿಯಾಗಿ. ಗೆರೆಯ ಆಚೆ ಒಂದು ಬೆಂಕಿಕಡ್ಡಿಯ ದಪ್ಪದಷ್ಟು ಕಡಿಮೆ, ಉದ್ದಕ್ಕೂ. ಆ ಕಡೆಯ ಹಳಿಗೆ ನಾನು ಅಳತೆ ಹಿಡಿದಿದ್ದ ಅವಳ ಟೇಪನ್ನು ತಂದು ಪಕ್ಕದಲ್ಲಿಟ್ಟೆ. ಅದರ ತುದಿಯ ಹಿತ್ತಾಳೆ ಹಲ್ಲು ಯಾವಾಗಲೋ ಬಿದ್ದುಹೋಗಿತ್ತು. ಬಿಚ್ಚಿಕೊಂಡ ನೂಲನ್ನು ಅವಳು ಕತ್ತರಿಸಿ, ಮಡಿಚಿ, ನೀಲಿ ದಾರದಲ್ಲಿ ಹೊಲಿದಿದ್ದಳು. ಅಷ್ಟು ಟೇಪು ಅಲ್ಲಿ ಇಲ್ಲವೇ ಇಲ್ಲ.

ಆಗ ನೆನಪಾಯಿತು. ಗೆರೆಯ ಈಚೆಯ ಹಳಿಗೆಲ್ಲ ಟೇಪು ಹಿಡಿದವಳು ಅವಳು. ಅಳತೆಗೆ ಒಂದು ಮರದ ತುಂಡು ಮಾಡಿಟ್ಟುಕೋ ಎಂದು ನೀನು ಬಡಕೊಂಡಾಗ, "ನಮ್ಮ ಮನೇಲೇ ಅಳತೆ ಇಲಾಖೆ ಇದೆ ಬಿಡಯ್ಯಾ" ಎಂದು ಜಂಬ ಹೊಡೆದಿದ್ದೆ. ಅವಳು ತುದಿಯಿಂದ ಅಳೆದವಳೇ ಅಲ್ಲ. ಒಂದರ ಗೆರೆಯಿಂದ ಹಿಡಿದು ಮೂರಕ್ಕೆ ನಿಲ್ಲಿಸಿ "ಎರಡು" ಎನ್ನುತ್ತಿದ್ದಳು. "ಒಂದರಿಂದ ಹಿಡೀರಿ ಅಂದ್ರೆ ತುದಿಯಿಂದ ಹಿಡೀತೀರಲ್ಲ, ನಿಮ್ಮ ಕೈಗೆ ಟೇಪು ಕೊಟ್ಟರೆ ಇಡೀ ಶಾಲೆ ಮಕ್ಕಳಿಗೆ ಒಂದೊಂದು ತೋಳು ಗಿಡ್ಡ ಆಗತ್ತೆ" ಎಂದು ನಕ್ಕದ್ದೂ ನೆನಪಾಯಿತು. ಜೀವಮಾನವೆಲ್ಲ ಜನರ ಕಾಲು ಅಳೆದವನು ನಾನು, ಟಿಕ್‌ಟಿಕ್. ಆ ಕಾಲು ಮುಟ್ಟಿದರೆ ಸಾಕು, ನಂಬರು ಹೇಳುತ್ತಿದ್ದೆ. ಅವಳು ಹೋದ ಮರುದಿನದಿಂದ ನಾನು ಅಳೆದದ್ದೆಲ್ಲ ಗಿಡ್ಡ.

ನಿನಗೆ ಹೇಗೆ ಹೇಳಲಿ? ಹೇಳಲಿಲ್ಲ. ಬಣ್ಣ ಒಣಗಿಲ್ಲ ಎಂದು ಬರೆದೆ. ಕುಳಿತು ಒಂದೊಂದೇ ಮೊಳೆ ಕಿತ್ತೆ. ಕೈ ಮೊದಲಿನ ಹಾಗೆ ಇಲ್ಲ. ಒಂದು ಮೊಳೆ ಕೀಳುವಾಗ ಎರಡು ಕಡ್ಡಿ ಬಾಗುತ್ತವೆ. ಬಾಗಿದ್ದಕ್ಕೆ ಬದಲಿ ಬೇಕು. ಈಗ ಯಾರೂ ಕೊಡೆ ರಿಪೇರಿ ಮಾಡಿಸುವುದಿಲ್ಲ, ಮಡಚುವ ಕೊಡೆಯ ಕಡ್ಡಿ ಎಲ್ಲಾ ತುಂಡು ತುಂಡು. ಕೊನೆಗೆ ನಿನ್ನ ತಂಗಿಯ ಕೊಡೆಯನ್ನೇ ಬಿಚ್ಚಿದೆ. ಬಾಗಿಲ ಹಿಂದೆ ಅವಳು ನೇತುಹಾಕಿದ ಹಾಗೇ ಇತ್ತು. ಅದರ ಕಡ್ಡಿಯೇ ಅಂಚಿನ ಕೊನೆಯ ಹಳಿ. ರೈಲು ಹಳಿಗೆ ಇಂಗ್ಲಿಷಿನಲ್ಲಿ ಪರ್ಮನೆಂಟ್ ವೇ ಎನ್ನುತ್ತಾರೆ ಎಂದು ಕಾಲೇಜಿನಲ್ಲಿ ಯಾವುದೋ ಪಾಠದಲ್ಲಿ ಓದಿದ್ದೆ. ಪಾಠ ಮರೆತಿದೆ, ಈ ಎರಡು ಪದ ಮಾತ್ರ ಯಾಕೆ ಉಳಿದವೋ. ಪರ್ಮನೆಂಟ್ ಅಂತೆ!

ಸರಿ, ನೀನು ಕಾಯುತ್ತಿರುವುದು ಇದಕ್ಕಲ್ಲ. ಸದ್ದಿಗೆ.

ಮೊನ್ನೆ, ಪುಟ್ಟಿಯ ಮನೆಗೆ ಹೊರಟಾಗ ನೀನು ಬಿಟ್ಟುಹೋದ ಹಳೆಯ ಬಾಡಿಗೆ ಮನೆಗೆ ಹೋದೆ. ಓನರು ಬಾಗಿಲು ತೆಗೆದರು. ನಿನ್ನ ಹಲಗೆಯನ್ನು ತಳ್ಳುಗಾಡಿಯಲ್ಲಿ ಹಾಕಿಸಿಕೊಂಡು, ಮೇಲೆ ಹೊದಿಕೆ ಹೊದಿಸಿ, ಗಾಡಿಯವನಿಗೆ "ನಿಧಾನಪ್ಪಾ, ಒಳಗೆ ಊರಿದೆ" ಎಂದು ಹೇಳುತ್ತಾ ತಂದೆ. ಅವನು ನಗಲಿಲ್ಲ. ನಿನ್ನ ಗುಡ್ಡದ ಒಂದು ಮೂಲೆ ಮಾತ್ರ ಸ್ವಲ್ಪ ಜಜ್ಜಿದೆ, ಅಂಟು ಹಚ್ಚಿದ್ದೇನೆ. ಗಡಿಯಾರ ಗೋಪುರ ನೆಟ್ಟಗೇ ನಿಂತಿದೆ. ಅದರೊಳಗಿನ ವಾಚು ಕೀಲಿ ಕೊಟ್ಟರೆ ಈಗಲೂ ನಡೆಯುತ್ತದೆ. ಕಿಟಕಿಯ ಪಕ್ಕ ಬೆಂಚಿನ ಮೇಲೆ ಹಲಗೆ ಇಟ್ಟು ಅಂಚಿಗೆ ಅಂಚು ತಂದೆ. ಒಂಬತ್ತು ಇಂಚು, ಎರಡು ಇಂಚು, ಎಲ್ಲ ಸರಿ. ನಡುವೆ ಉಗುರು ತೂರದಷ್ಟು ಸಂದು.

ಕೀಲಿ ಕೊಟ್ಟು ಬಿಟ್ಟೆ. ಗೋದಾಮುಗಳನ್ನು ದಾಟಿತು. ಗೆರೆಯಿದ್ದ ಜಾಗವನ್ನು ಏನೂ ಆಗದವರ ಹಾಗೆ ದಾಟಿತು. ನನ್ನ ಹಲಗೆಯ ಮೇಲೆ ಅದರ ಸದ್ದು ಮಂದ. ರಟ್ಟು, ಚಹಾ ಗಸಿ, ಎಲ್ಲ ಸದ್ದನ್ನು ನುಂಗುತ್ತವೆ. ಮಲಗಿದವರ ಪಕ್ಕ ಮೆಲ್ಲಗೆ ನಡೆದ ಹಾಗೆ. ಸಂದಿಗೆ ಬಂದಾಗ ಟಕ್ ಎಂದಿತು, ಒಂದೇ ಸಲ. ಆಮೇಲೆ ನಿನ್ನ ಹಲಗೆ. ಸದ್ದು ತಟ್ಟನೆ ತೆಳ್ಳಗಾಯಿತು, ಟಣ ಟಣ ಎಂದು, ಸ್ಟೀಲಿನ ಮೇಲೆ ಸ್ಟೀಲು. ನಿನ್ನ ಅಂಗಡಿಯಲ್ಲಿ ಎಲ್ಲ ಗಡಿಯಾರಗಳೂ ಒಟ್ಟಿಗೆ ನಡೆಯುತ್ತಿದ್ದವಲ್ಲ, ಆ ಸದ್ದು. ಗೋಪುರದ ಕೆಳಗೆ ಹೋಗಿ, ಕೀಲಿ ಮುಗಿದು, ಸ್ಟೇಷನ್ನಿನಲ್ಲಿ ಸರಿಯಾಗಿ ನಿಂತಿತು. ನಾನು ಚಪ್ಪಾಳೆ ತಟ್ಟಲಿಲ್ಲ. ಒಬ್ಬನೇ ಚಪ್ಪಾಳೆ ತಟ್ಟಿದರೆ ನೊಣ ಹೊಡೆದ ಹಾಗಿರುತ್ತದೆ.

ಇದಿಷ್ಟು, ಟಿಕ್‌ಟಿಕ್. ನಾವು ಮಾಡಿಕೊಂಡ ಒಪ್ಪಂದ ಪೂರೈಸಿತು. ಇಂಜಿನ್ನನ್ನು ಪಾರ್ಸೆಲ್ಲಿನಲ್ಲಿ ನಿನಗೇ ಕಳಿಸಿದ್ದೇನೆ, ಅದು ನಿನ್ನ ಕೈಯಲ್ಲಿರಲಿ. ಹೊಟ್ಟೆಯ ಮೇಲಿಟ್ಟುಕೊಂಡು ಕೀಲಿ ಕೊಟ್ಟರೆ ಗಾಲಿ ತಿರುಗುವುದು ತಿಳಿಯುತ್ತದೆ. ಹೆಚ್ಚು ಮಾತಾಡಿ ಪುಟ್ಟಿಯ ಹತ್ತಿರ ಬೈಸಿಕೊಳ್ಳಬೇಡ. ನನ್ನ ಬಗ್ಗೆ ಬರೆಯಲು ಇನ್ನೇನೂ ಇಲ್ಲ. ಮೇಜು ತುಂಬಿದೆ. ಬೆಳಿಗ್ಗೆ ಏಳುತ್ತೇನೆ, ಅದನ್ನು ನೋಡುತ್ತೇನೆ, ಕಟ್ಟಲು ಏನೂ ಉಳಿದಿಲ್ಲ. ಗುಜರಿ ಅಂಗಡಿಯ ಮುಂದೆ ಹಾದುಹೋದರೂ ಈಗ ಒಳಗೆ ಇಣುಕುವುದಿಲ್ಲ.

ಎಂದೆಂದಿಗೂ ನಿನ್ನ,
ಬೂಟು

ತಾ.ಕ.: ಪುಟ್ಟಿ, ಇಲ್ಲಿಂದ ಮುಂದೆ ಜೋರಾಗಿ ಓದಬೇಡ. "ಅಷ್ಟೇ ಅಪ್ಪ, ಸಹಿ ಹಾಕಿದ್ದಾರೆ" ಎಂದು ಹೇಳಿ ಅಡುಗೆಮನೆಗೆ ಹೋಗಿ ಓದು.

ನಿನ್ನಪ್ಪನ ಹಲಗೆ ಇಲ್ಲ. ಮನೆ ಖಾಲಿ ಮಾಡುವಾಗ ನೀನು ಫೋನು ಮಾಡಿ, "ಅಂಕಲ್, ಅಪ್ಪನ ರೈಲು ಒಳಗೇ ಇದೆ, ಯಾವಾಗ ತಗೊಂಡು ಹೋಗ್ತೀರಾ" ಎಂದು ಕೇಳಿದ್ದೆ. ಮುಂದಿನ ವಾರ ಎಂದಿದ್ದೆ. ನನ್ನ ಹಳಿ ಸರಿಯಾಗದೆ ಅವನ ಹಲಗೆಯನ್ನು ಮನೆಗೆ ತರಲು ನನಗೆ ಮುಖವಿರಲಿಲ್ಲ. ವಾರಗಳು ಕಳೆದವು. ಓನರಿಗೆ ಹೊಸ ಬಾಡಿಗೆದಾರರು ಬಂದರು. ನೀನು ಏನೂ ತಪ್ಪು ಮಾಡಿಲ್ಲ, ಅವರೂ ಮಾಡಿಲ್ಲ. "ಹಳೇ ರಟ್ಟು, ತಂತಿ, ಏನೇನೋ ಇತ್ತು ಸಾರ್, ಗುಜರಿಗೆ ಹಾಕಿದ್ವಿ" ಅಂದರು ಓನರು. ಅವರು ಹೇಳಿದ್ದು ಸರಿಯೇ. ಅದರಲ್ಲಿ ಇದ್ದದ್ದು ರಟ್ಟು, ತಂತಿ, ಏನೇನೋ.

ಸೇತುವೆಯಾಚೆಯ ಅದೇ ಗುಜರಿಗೆ ಹೋದೆ. ಗುಜರಿಯವನು ನನ್ನನ್ನು ಗುರುತು ಹಿಡಿದು ಸ್ಟೂಲು ಕೊಟ್ಟ. ಎಲ್ಲವನ್ನೂ ಬಿಡಿಸಿ, ಬೇರೆ ಬೇರೆ ಮಾಡಿ ಮುಗಿಸಿದ್ದ. ಸ್ಪ್ರಿಂಗು ಕಬ್ಬಿಣದ ರಾಶಿಗೆ, ರಟ್ಟು ರಟ್ಟಿನ ಹೊರೆಗೆ, ಹಲಗೆ ಒಲೆಗೆ. "ಅದು ರೈಲು ಅಂತ ನಂಗೇನು ಗೊತ್ತು ಯಜಮಾನ್ರೇ? ತೂಕಕ್ಕೆ ಬಂತು, ತೂಕಕ್ಕೆ ಹೋಯ್ತು" ಅಂದ. ಅವನ ರಾಶಿಯಿಂದ ಆರಿಸಿ ತಂದು ನಾವು ಒಂದು ಮಾಡಿದ್ದನ್ನು ಅವನು ಮತ್ತೆ ಮೊದಲಿನ ಹಾಗೇ ಜೋಡಿಸಿಟ್ಟಿದ್ದ. ಕಬ್ಬಿಣದ ರಾಶಿಯಲ್ಲಿ ಕೈಯಾಡಿಸಿದೆ. ಯಾವುದು ನಿನ್ನಪ್ಪನ ಹಳಿ, ಯಾವುದು ಯಾರದೋ ಆಟಿಕೆಯ ಸ್ಪ್ರಿಂಗು, ಗುರುತೇ ಸಿಗಲಿಲ್ಲ.

ಗೋಪುರದ ವಾಚನ್ನು ಮಾತ್ರ ಅವನು ಎತ್ತಿಟ್ಟಿದ್ದ. ಪಾರ್ಸೆಲ್ಲಿನಲ್ಲಿ ಇಂಜಿನ್ನಿನ ಕೆಳಗೆ ಹತ್ತಿಯಲ್ಲಿ ಸುತ್ತಿಟ್ಟಿದ್ದೇನೆ. ಅದು ನಿನ್ನ ಅಮ್ಮನ ಕೈಯಲ್ಲಿದ್ದ ವಾಚು ಎಂದು ನಿನಗೆ ಗೊತ್ತೋ ಇಲ್ಲವೋ. ಇಟ್ಟುಕೋ. ಆದರೆ ಮನೆಯಲ್ಲಿ ಕೀಲಿ ಕೊಡಬೇಡ. ಅದರ ಸದ್ದು ಬಾಗಿಲಾಚೆಯಿಂದ ಕೇಳಿದರೂ ನಿನ್ನಪ್ಪನಿಗೆ ಗೊತ್ತಾಗಿಬಿಡುತ್ತದೆ, ಗೋಪುರ ಈಗ ಎಲ್ಲೂ ಇಲ್ಲ ಎಂದು.

ಇಂಜಿನ್ನನ್ನು ಬಿಟ್ಟದ್ದು ನಿಜ, ಅಷ್ಟು ನಿಜ. ಗೆರೆಯನ್ನು ದಾಟಿತು, ನಿನ್ನ ಅತ್ತೆಯ ಕೊಡೆ ಕಡ್ಡಿಯ ಮೇಲೆ ಅಂಚಿನವರೆಗೂ ಬಂತು, ಎಲ್ಲೂ ತಪ್ಪಲಿಲ್ಲ. ಆಚೆ ಏನೂ ಇರಲಿಲ್ಲ. ಬೀಳುವ ಮೊದಲು ಅಂಗೈಯಲ್ಲಿ ಹಿಡಿದುಕೊಂಡೆ. ಕೀಲಿ ಮುಗಿಯುವ ತನಕ ಅಂಗೈಯಲ್ಲೇ ಗಾಲಿ ತಿರುಗುತ್ತಿತ್ತು. ಅದಕ್ಕೆ ಸದ್ದೇ ಇಲ್ಲ.

ಅವನು ರಾತ್ರಿ ಹಗಲು ಅದನ್ನೇ ಕೇಳುತ್ತಾನೆ, ನನಗೆ ಗೊತ್ತು. ಕೇಳಿದಾಗಲೆಲ್ಲ ಬದಲಾಯಿತಂತೆ ಅಪ್ಪ, ಟಣ ಟಣ ಅಂತಂತೆ ಎನ್ನು.